ಎಲ್ವಿನ್ ನೋಡುತ್ತಿದ್ದ, ನೋಲಾ ಹೊತ್ತು ಹೇಳುತ್ತಿದ್ದಳು

ಅಡಿಲೇಡಿನ ಆಚೆಯ ವಾಲರೂ ಬಂದರಿನ ತೂಕದ ಕಟ್ಟೆಯಲ್ಲಿ ಗೋಧಿ ಲಾರಿಗಳನ್ನು ತೂಗುತ್ತ ತೂಗುತ್ತ ತಲೆ ನರೆಸಿಕೊಂಡ ಎಲ್ವಿನ್ ಪ್ಯಾಸ್ಕೋನಿಗೆ ಇದ್ದದ್ದು ಒಂದೇ ಚಟ. ಕುಡಿತವಲ್ಲ, ಕುದುರೆಗೆ ದುಡ್ಡು ಕಟ್ಟುವುದಲ್ಲ, ಚಂದ್ರಗ್ರಹಣ. ನಿರುಪದ್ರವಿ ಚಟ, ಮನೆ ಮುರಿಯುವಂಥದ್ದಲ್ಲ, ಹೆಂಡತಿಯೂ ಪಕ್ಕದಲ್ಲೇ ಕೂರಬಹುದು ಎಂದು ಊರಿನವರ ಅಭಿಪ್ರಾಯ. ಊರಿನವರ ಅಭಿಪ್ರಾಯವನ್ನು ಆ ಕಟ್ಟೆಯ ಮೇಲೆ ನಿಲ್ಲಿಸಿದ್ದರೆ ತೂಕದ ಮುಳ್ಳು ಅಲ್ಲಾಡುತ್ತಿರಲಿಲ್ಲ.

ಗ್ರಹಣ ನೋಡಿ 'ಆಹಾ' ಎಂದು ಒಳಗೆ ಹೋಗಿ ಹೊದ್ದುಕೊಳ್ಳುವ ಪೈಕಿಯಲ್ಲ ಅವನು. ಭೂಮಿಯ ನೆರಳು ಚಂದ್ರನ ಮೇಲೆ ಸರಿಯುತ್ತ ಒಂದೊಂದೇ ಕುಳಿಯನ್ನು ನುಂಗುವಾಗ, ಯಾವ ಕುಳಿ ಯಾವ ಗಳಿಗೆಗೆ ಮುಳುಗಿತು, ಮತ್ತೆ ಯಾವಾಗ ಎದ್ದಿತು ಎಂದು ಗುರುತು ಮಾಡಬೇಕು. ಆ ನೆರಳು ಪುಸ್ತಕದ ಲೆಕ್ಕಕ್ಕಿಂತ ಯಾವಾಗಲೂ ಒಂದಿಷ್ಟು ದೊಡ್ಡದಾಗಿಯೇ ಬೀಳುತ್ತದಂತೆ. ಎಷ್ಟು ದೊಡ್ಡದು ಎಂದು ತಿಳಿಯುವುದಕ್ಕಾಗಿ ಲೋಕದ ಮೂಲೆಮೂಲೆಗಳಲ್ಲಿ ಇಂಥ ತಲೆಕೆಟ್ಟವರು ತಮ್ಮ ತಮ್ಮ ಹಿತ್ತಲಲ್ಲಿ ಚಳಿ ತಿನ್ನುತ್ತ ಕೂತಿರುತ್ತಾರೆ. ದುರ್ಬೀನಿಗೆ ಕಣ್ಣು ನೆಟ್ಟವನು ಗಡಿಯಾರ ನೋಡಲಾರ. ಹಾಗಾಗಿ ಈ ಕೆಲಸಕ್ಕೆ ಇಬ್ಬರು ಬೇಕು. ಶಾರ್ಟ್‌ವೇವ್ ರೇಡಿಯೋ ಸೆಕೆಂಡಿಗೊಂದು ಟಿಕ್ಕು ಕೊಡುತ್ತಿರುವಾಗ ಎಲ್ವಿನ್ "ಟೈಕೋ!" ಎಂದು ಕುಳಿಯ ಹೆಸರು ಕೂಗುತ್ತಿದ್ದ, ಪಕ್ಕದ ಮಡಚುಕುರ್ಚಿಯಲ್ಲಿ ಕೂತ ಅವನ ಹೆಂಡತಿ ನೋಲಾ ಆ ಕ್ಷಣದ ಹೊತ್ತು ಹೇಳಿ ಬರೆದುಕೊಳ್ಳುತ್ತಿದ್ದಳು. ಮದುವೆಗೆ ಮುಂಚಿನಿಂದಲೂ ನಡೆದುಬಂದ ಏರ್ಪಾಡು ಅದು.

ನೋಲಾ ಆಗ ಊರಿನ ಬೇಕರಿಯಲ್ಲಿ ಮಾಂಸದ ಹೂರಣ ತುಂಬಿ ಸುಟ್ಟ ಪ್ಯಾಸ್ಟಿ ಮಾರುತ್ತಿದ್ದಳು. ಎಲ್ವಿನ್ ದಿನಾ ಒಂದು ಪ್ಯಾಸ್ಟಿ ಕೊಂಡು, ಮಾತಾಡಲು ಬಾಯಿ ಬರದೆ, ಚಿಲ್ಲರೆ ಎಣಿಸಿದಂತೆ ಮಾಡಿ ಹೋಗುತ್ತಿದ್ದ. ಕೊನೆಗೊಂದು ದಿನ, ನಾಳೆ ಗ್ರಹಣ ಇದೆ, ಗಡಿಯಾರ ನೋಡೋಕೆ ಒಬ್ಬರು ಬೇಕಾಗಿತ್ತು ಅಂದ.

"ಬೇರೆ ಹುಡುಗರು ಡ್ಯಾನ್ಸಿಗೆ ಕರೀತಾರೆ. ನೀನು ನೆರಳು ನೋಡೋಕೆ ಕರೀತೀಯಲ್ಲೋ" ಎಂದು ನೋಲಾ ನಕ್ಕಳು. ಆದರೂ ಬಂದಳು. ಡ್ಯಾನ್ಸಿಗೆ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಕೀಲುಜ್ವರ ಬಂದು ಹೃದಯದ ಕವಾಟ ಕೆಟ್ಟಿತ್ತು. ಎರಡು ಸುತ್ತು ಕುಣಿದರೆ ತುಟಿ ನೀಲಿಯಾಗುತ್ತಿತ್ತು. ಮಕ್ಕಳು ಬೇಡವೇ ಬೇಡ ಎಂದು ಡಾಕ್ಟರರು ಮೊದಲೇ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು. ಆ ವಿಷಯದಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಕಾಣದ ಹಾಗೆ ಅತ್ತು ಮುಗಿಸಿದರು.

ಐವತ್ತು ದಾಟಿದ ಮೇಲೆ ಅಡಿಲೇಡಿನಲ್ಲಿ ಅವಳ ಎದೆ ಸೀಳಿ ಲೋಹದ ಕವಾಟ ಕೂರಿಸಿದರು. ಅಂದಿನಿಂದ ನೋಲಾಳ ಎದೆ ಟಿಕ್ ಟಿಕ್ ಎನ್ನತೊಡಗಿತು. ಸದ್ದಿಲ್ಲದ ಕೋಣೆಯಲ್ಲಿ ಪಕ್ಕ ಕೂತವರಿಗೂ ಅದು ಕೇಳಿಸುತ್ತಿತ್ತು. "ಇನ್ನು ರೇಡಿಯೋ ಯಾಕಪ್ಪಾ ನಿಂಗೆ? ಹೆಂಡ್ತಿ ಎದೇಗೆ ಕಿವಿ ಕೊಟ್ರೆ ಸಾಕು" ಎಂದು ಪಕ್ಕದ ಮನೆಯ ರೆಕ್ಸ್ ಬೇಲಿಯ ಮೇಲಿಂದ ತಮಾಷೆ ಮಾಡುತ್ತಿದ್ದ. ರೆಕ್ಸ್ ಏಡಿ ಹಿಡಿಯುವವನು, ಅವನ ತಮಾಷೆಗಳೂ ಚಿವುಟಿದಂತೆಯೇ ಇರುತ್ತಿದ್ದವು.

ಇಷ್ಟೆಲ್ಲ ಮಾಡಿ ಎಲ್ವಿನ್‌ಗೆ ಸಿಕ್ಕಿದ್ದೇನು ಎಂದು ಕೇಳಿದರೆ ಹೇಳಲು ಏನೂ ಇಲ್ಲ. ಅವನು ಕಳಿಸಿದ ಲೆಕ್ಕಗಳಿಗೆ ಸಿಡ್ನಿಯ ಹವ್ಯಾಸಿಗಳ ಸಂಘದಿಂದ ಅಚ್ಚು ಹಾಕಿಸಿದ ಧನ್ಯವಾದದ ಕಾರ್ಡು ಬರುತ್ತಿತ್ತು, ಅಷ್ಟೇ. ಅವನ ನಿಜವಾದ ಆಸೆ ಇನ್ನೊಂದಿತ್ತು. ಒಂದು ಗ್ರಹಣವನ್ನು ಸ್ಪರ್ಶಕಾಲದಿಂದ ಮೋಕ್ಷಕಾಲದವರೆಗೆ, ತುಂಬು ಚಂದ್ರ ಸವೆದು, ಕೆಂಪಾಗಿ, ಮತ್ತೆ ತುಂಬುವ ತನಕ, ಫಿಲ್ಮಿನ ಒಂದೇ ಚೌಕದಲ್ಲಿ ಸಾಲಾಗಿ ಹಿಡಿಯಬೇಕು. ಕ್ಯಾಮೆರಾ ಅಲ್ಲಾಡದಂತೆ ನಿಲ್ಲಿಸಿ, ಫಿಲ್ಮು ಮುಂದೆ ಸರಿಸದೆ, ಹೊತ್ತುಹೊತ್ತಿಗೆ ಅದೇ ಚೌಕದ ಮೇಲೆ ಮತ್ತೆ ಮತ್ತೆ ಕ್ಲಿಕ್ಕಿಸುತ್ತ ಹೋಗಬೇಕು. ಎಲ್ಲಿ ಒಂದು ಕಡೆ ತಪ್ಪಿದರೂ ಅಷ್ಟೂ ಮಣ್ಣುಪಾಲು. ಅವನದು ಪ್ರತಿ ಸಲವೂ ಮಣ್ಣುಪಾಲೇ ಆಯಿತು. ಒಂದು ಸಲ ಸಮುದ್ರದಿಂದ ಮಂಜು ಎದ್ದು ಬಂತು. ಒಂದು ಸಲ ಮಸೂರದ ಮೇಲೆ ಇಬ್ಬನಿ ಕೂತಿತು. ಒಂದು ಸಲ ಎಲ್ಲವೂ ಸರಿಯಾಗಿ, ಆಕಾಶ ತೊಳೆದಿಟ್ಟಂತೆ ಇದ್ದು, ಮುಚ್ಚಳ ತೆಗೆಯುವುದನ್ನೇ ಮಹಾಶಯ ಮರೆತಿದ್ದ. ಅದನ್ನು ನೋಲಾ ಬದುಕಿರುವ ತನಕ ಅವನಿಗೆ ಮರೆಯಲು ಬಿಡಲಿಲ್ಲ. ಉಳಿದ ಸಲಗಳೆಲ್ಲ ಮೋಡ. ಆ ಊರಲ್ಲಿ ಮಳೆ ಅಪರೂಪ. ಮೋಡಗಳು ಮಾತ್ರ ಗ್ರಹಣದ ದಿನ ನೋಡಿಕೊಂಡು ಬರುತ್ತವೆ ಎಂದು ಎಲ್ವಿನ್ ನಂಬಿದ್ದ.

ಹಿತ್ತಲಿನಲ್ಲಿ ಗ್ರಹಣದ ಹೊತ್ತು ಒಂದು ಕಟ್ಟುನಿಟ್ಟಿತ್ತು: ಬಿಳಿ ಬೆಳಕು ಕೂಡದು. ಕತ್ತಲೆಗೆ ಹದವಾದ ಕಣ್ಣು ಒಂದು ಬಲ್ಬು ಕಂಡರೆ ಸಾಕು, ಕೆಟ್ಟುಹೋಗುತ್ತದೆ. ಮತ್ತೆ ಹದವಾಗಲು ಅರ್ಧ ಗಂಟೆ ಬೇಕು. ಕೆಂಪು ಬೆಳಕಿಗೆ ಮಾತ್ರ ಕಣ್ಣು ಕೆಡುವುದಿಲ್ಲ. ಹಾಗಾಗಿ ಟಾರ್ಚಿನ ಗಾಜಿಗೆ ಎರಡು ಪದರ ಕೆಂಪು ಉಗುರುಬಣ್ಣ ಬಳಿದಿದ್ದರು. ನೋಲಾ ಜೀವಮಾನದಲ್ಲಿ ಕೊಂಡ ಉಗುರುಬಣ್ಣವೆಲ್ಲ ಟಾರ್ಚಿಗೇ ಹೋಯಿತು. ಗ್ರಹಣ ನಡೆಯುವಾಗ ಅವಳು ಅಡುಗೆಮನೆಯ ದೀಪ ಕೂಡ ಹಾಕದೆ, ತಡವರಿಸಿ ತಡವರಿಸಿ ಚಹಾ ತರುತ್ತಿದ್ದಳು. ಪಕ್ಕದ ಊರು ಕಡೀನಾದಿಂದ ಬಂದ ಹೊಸ ಹವ್ಯಾಸಿಯೊಬ್ಬ ಒಮ್ಮೆ ಚಂದ್ರನ ನಕ್ಷೆಯ ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿಕೊಂಡು ಬಂದು, ಟಾರ್ಚು ಹಾಕಿ ನೋಡಿದರೆ ಗುರುತೇ ಇಲ್ಲ ಎಂದು ಕಂಗಾಲಾಗಿದ್ದ. ಕೆಂಪು ಬೆಳಕಿನಲ್ಲಿ ಬಿಳಿ ಕಾಗದವೂ ಕೆಂಪು, ಕೆಂಪು ಗೆರೆಯೂ ಕೆಂಪು, ಎರಡನ್ನೂ ಬೇರೆ ಮಾಡಲು ಕಣ್ಣಿಗೆ ಏನೂ ಉಳಿಯುವುದಿಲ್ಲ. "ಮೊದಲ ಪಾಠ ಕಲಿತೆ ಬಿಡು" ಎಂದು ಎಲ್ವಿನ್ ಅವನ ಬೆನ್ನು ತಟ್ಟಿದ್ದ.

ಕವಾಟ ಕೂರಿಸಿದ ಕೆಲವು ವರ್ಷಗಳ ಮೇಲೆ, ಒಂದು ಜುಲೈನಲ್ಲಿ, ಚಳಿಗಾಲದ ನಟ್ಟನಡುವೆ, ಖಗ್ರಾಸ ಗ್ರಹಣವಿತ್ತು. ಇಡೀ ಗ್ರಹಣ ಸಂಜೆ ಊಟದ ಹೊತ್ತಿನಲ್ಲೇ, ಸೊಗಸಾಗಿ ಪೂರ್ವದಲ್ಲಿ ಏರುತ್ತ ನಡೆಯುವಂಥದ್ದು. ಅಂಥದ್ದು ಮತ್ತೆ ಆ ಹಿತ್ತಲಿಗೆ ಒದಗುವಷ್ಟರಲ್ಲಿ ಎಲ್ವಿನ್‌ಗೆ ಎಂಬತ್ತು ದಾಟಿರುತ್ತಿತ್ತು.

ಗ್ರಹಣಕ್ಕೆ ವಾರವಿರುವಾಗ ನೋಲಾಳಿಗೆ ಕೆಮ್ಮು ಹತ್ತಿತು. ಕವಾಟದಲ್ಲಿ ರಕ್ತ ಹೆಪ್ಪುಗಟ್ಟದಿರಲು ಅವಳು ರಕ್ತ ತೆಳ್ಳಗೆ ಮಾಡುವ ಮಾತ್ರೆ ನುಂಗುತ್ತಿದ್ದಳು; ಆ ಸಲದ ಪರೀಕ್ಷೆಯಲ್ಲಿ ರಕ್ತ ಮಿತಿಗಿಂತ ತೆಳ್ಳಗಾಗಿದೆ ಎಂದು ಬಂತು. ಡಾಕ್ಟರ್ ಫರೂಜಿಯಾ ಮಾತ್ರೆ ಕಡಿಮೆ ಮಾಡಿ, ಇಬ್ಬರನ್ನೂ ಎದುರು ಕೂರಿಸಿಕೊಂಡರು.

"ಇಬ್ಬರೂ ಸರಿಯಾಗಿ ಕೇಳಿ. ಕೆಮ್ಮಿದಾಗಲೆಲ್ಲ ಕರ್ಚೀಫು ನೋಡ್ಬೇಕು. ಒಂದು ಚುಕ್ಕೆ ಕೆಂಪು ಕಂಡ್ರೂ ಕಾಯೋ ಹಾಗಿಲ್ಲ. ಸೀದಾ ಇಲ್ಲಿಗೆ ಬನ್ನಿ. ಬೇಗ ಬಂದ್ರೆ ಒಂದು ಇಂಜೆಕ್ಷನ್‌ನಲ್ಲಿ ಮುಗಿದುಹೋಗುತ್ತೆ. ತಡ ಮಾಡಿದ್ರೆ ನನ್ನ ಕೈಲೂ ಆಗಲ್ಲ, ಅಡಿಲೇಡಿನವರ ಕೈಲೂ ಆಗಲ್ಲ."

"ಅವಳ ಕೈಲಿ ನೋಡಿಸ್ಬೇಡಿ ಡಾಕ್ಟ್ರೇ. ಚುಕ್ಕೆ ಕಂಡ್ರೂ ಅದು ಜಾಮು ಅಂತಾಳೆ" ಎಂದ ಎಲ್ವಿನ್. "ನಾನು ನೋಡ್ತೀನಿ."

ಮಾತಿಗೆ ತಪ್ಪುವ ಮನುಷ್ಯನಲ್ಲ ಅವನು. ಮನೆಗೆ ಬರುತ್ತ ಅಂಗಡಿಗೆ ಹೋಗಿ ಅಚ್ಚ ಬಿಳಿಯ ಗಂಡಸರ ಕರ್ಚೀಫುಗಳ ಒಂದು ಪೆಟ್ಟಿಗೆಯನ್ನೇ ತಂದ. ಚಿತ್ತಾರವಿದ್ದರೆ ಚುಕ್ಕೆ ತಪ್ಪಿಹೋದೀತೆಂದು ನೋಲಾಳ ಹೂವಿನ ಕರ್ಚೀಫುಗಳನ್ನೆಲ್ಲ ಮೇಲಕ್ಕೆ ಎತ್ತಿಟ್ಟ. ಅವಳು ಕೆಮ್ಮಿದ ಸದ್ದು ಕೇಳಿದರೆ ಎಲ್ಲಿದ್ದರೂ ಓಡಿಬಂದು, ಅಡುಗೆಮನೆಯ ಟ್ಯೂಬ್‌ಲೈಟಿನ ಕೆಳಗೆ ಕರ್ಚೀಫು ಬಿಡಿಸಿ, ಆಚೆ ಈಚೆ ತಿರುಗಿಸಿ ನೋಡುತ್ತಿದ್ದ. ಮೊದಮೊದಲು ನೋಲಾಳೂ ಇಣುಕುತ್ತಿದ್ದಳು. ಆಮೇಲೆ ಅವಳಿಗೆ ಬೇಜಾರಾಗಿ, ಕೆಮ್ಮಿದ ಕೂಡಲೇ ತಾನು ನೋಡದೆಯೇ ಕರ್ಚೀಫನ್ನು ಗಂಡನ ಕಡೆ ಚಾಚಿಬಿಡುತ್ತಿದ್ದಳು.

"ಏನಂತೆ?"

"ಬಿಳಿ."

"ಹಾಗಾದ್ರೆ ಚಹಾಕ್ಕೆ ನೀರಿಡು, ಇನ್ಸ್‌ಪೆಕ್ಟರ್."

ಹೀಗೆ ವಾರ ಕಳೆಯಿತು. ಕೆಮ್ಮು ಕಡಿಮೆಯಾಗಲಿಲ್ಲ, ಕರ್ಚೀಫು ಕೆಂಪಾಗಲಿಲ್ಲ.

ಗ್ರಹಣದ ದಿನ ಬೆಳಗಿನಿಂದ ಆಕಾಶ ನೀಲಿಗೆ ನೀಲಿ. ಎಲ್ವಿನ್ ಹತ್ತು ಸಲ ಹೊರಗೆ ಹೋಗಿ ನೋಡಿದ. ಒಂದು ಚೂರು ಮೋಡವಿಲ್ಲ, ಗಾಳಿಯಿಲ್ಲ, ಸಮುದ್ರ ಸದ್ದೇ ಇಲ್ಲದೆ ಬಿದ್ದುಕೊಂಡಿತ್ತು. ನಾಲ್ಕು ಗಂಟೆಗೆ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಬಿಗಿದು, ದುರ್ಬೀನು ನಿಲ್ಲಿಸಿ, ರೇಡಿಯೋ ಹಾಕಿ ನೋಡಿ, ಎಲ್ಲ ಮುಗಿದ ಮೇಲೆ ಒಳಗೆ ಬಂದು ಹೆಂಡತಿಯ ಮುಂದೆ ನಿಂತ.

"ನಿಂಗೆ ಹುಷಾರಿಲ್ಲ. ಬೇಡ ಅಂದ್ರೆ ಬಿಟ್ಬಿಡೋಣ ಇವತ್ತು."

ಕ್ಯಾಮೆರಾ ನಿಲ್ಲಿಸಿ ಬಂದವನು ಕೇಳುವ ಮಾತೇ ಅದು? ನೋಲಾ ಅವನ ಮುಖ ನೋಡಿದಳು. ಮೂವತ್ತು ಚಿಲ್ಲರೆ ವರ್ಷದಿಂದ ನೋಡುತ್ತ ಬಂದ ಮುಖ. ಬೇಡ ಎಂದರೆ ಖಂಡಿತ ಬಿಡುತ್ತಿದ್ದ, ಒಂದು ಮಾತೂ ಆಡುತ್ತಿರಲಿಲ್ಲ. ಆಮೇಲೆ ಸಾಯುವ ತನಕ ಪ್ರತಿ ಹುಣ್ಣಿಮೆಗೂ ಒಂದು ನಿಟ್ಟುಸಿರು ಬಿಡುತ್ತಿದ್ದ.

"ಕೆಮ್ಮು ಒಳಗಿದ್ರೂ ಬರುತ್ತೆ, ಹೊರಗಿದ್ರೂ ಬರುತ್ತೆ" ಎಂದಳು. "ಈ ಸಲನಾದ್ರೂ ಮುಚ್ಚಳ ತೆಗಿ, ಅಷ್ಟು ಸಾಕು."

ಬೇಗನೆ ಪ್ಯಾಸ್ಟಿ ತಿಂದು ಮುಗಿಸಿದರು. ನೋಲಾ ಎರಡು ಸ್ವೆಟರಿನ ಮೇಲೆ ಗಂಡನ ಹಳೆಯ ಕೋಟು ಹಾಕಿ, ಕಡು ಬಣ್ಣದ ಕಂಬಳಿ ಹೊದ್ದು, ಕುತ್ತಿಗೆಗೆ ಮಫ್ಲರು ಸುತ್ತಿ ಕುರ್ಚಿಯಲ್ಲಿ ಕೂತಾಗ ಮೂಗು ಮಾತ್ರ ಹೊರಗಿತ್ತು. ಮಡಿಲಲ್ಲಿ ಬಿಳಿ ಕರ್ಚೀಫುಗಳು, ಕೆಳಗೆ ಚಹಾದ ಫ್ಲಾಸ್ಕು. ರೆಕ್ಸ್‌ಗೆ ಒಂದು ಸೀಸೆ ಏಪ್ರಿಕಾಟ್ ಜಾಮು ಲಂಚ ಕೊಟ್ಟು ಅವನ ಜಗಲಿಯ ದೀಪ ಆರಿಸುವಂತೆ ಒಪ್ಪಿಸಿಯಾಗಿತ್ತು.

"ಏನು ಪ್ರೊಫೆಸರ್ರೇ, ಇವತ್ತಾದ್ರೂ ಏನಾದ್ರೂ ಬೀಳುತ್ತಾ ಡಬ್ಬದೊಳಗೆ?" ಎಂದ ರೆಕ್ಸ್, ಬೇಲಿಯ ಮೇಲೆ ಗಲ್ಲ ಇಟ್ಟು.

"ನೀನು ದೀಪ ಹಾಕದಿದ್ರೆ ಬೀಳುತ್ತೆ. ಒಳಗೆ ಹೋಗಿ ಫುಟ್‌ಬಾಲ್ ನೋಡು."

"ನೋಲಾ, ಈ ಮನುಷ್ಯನ್ನ ಹೆಂಗೆ ತಡ್ಕೊಂಡಿದ್ದೀಯಮ್ಮಾ?"

"ನಾನೆಲ್ಲಿ ತಡ್ಕೊಂಡಿದ್ದೀನಿ, ಹೊತ್ತು ನೋಡ್ಕೊಂಡು ಕೂತಿದ್ದೀನಿ" ಎಂದಳು ನೋಲಾ. ರೆಕ್ಸ್ ನಗುತ್ತ ಒಳಗೆ ಹೋದ.

ಸ್ಪರ್ಶ ಸರಿಯಾದ ಹೊತ್ತಿಗೆ ಆಯಿತು. ಮೊದಲು ಗ್ರಿಮಾಲ್ಡಿ ಮುಳುಗಿತು, ಆಮೇಲೆ ಅರಿಸ್ಟಾರ್ಕಸ್, ಆಮೇಲೆ ಕೋಪರ್ನಿಕಸ್. ಎಲ್ವಿನ್ ಕೂಗಿದ ಬೆನ್ನಿಗೇ ನೋಲಾಳ ಹೊತ್ತು ಬೀಳುತ್ತಿತ್ತು. ನಡುನಡುವೆ ಎದ್ದು ಕ್ಯಾಮೆರಾ ಕ್ಲಿಕ್ಕಿಸುತ್ತಿದ್ದ, ಉಸಿರು ಬಿಗಿಹಿಡಿದು, ಮುಕ್ಕಾಲಿಗೆ ಸೆರಗು ತಾಗೀತೆಂದು ಅಂಜುವ ಹೆಂಗಸಿನಂತೆ ಕೋಟಿನ ಅಂಚು ಎತ್ತಿಕೊಂಡು. ನೆರಳು ಏರಿದಂತೆ ಹಿತ್ತಲು ಕಪ್ಪಾಗುತ್ತ ಬಂತು. ಕೊನೆಯ ಬೆಳ್ಳಿಯಂಚೂ ಆರಿದಾಗ ಚಂದ್ರ ಹೊಸ ತಾಮ್ರದ ಚೊಂಬಿನಂತೆ ಕೆಂಪಗೆ ತೇಲುತ್ತಿದ್ದ. ಅಂಥ ಕೆಂಪನ್ನು ಎಲ್ವಿನ್ ಅದುವರೆಗೆ ಕಂಡಿರಲಿಲ್ಲ.

"ನೋಲಾ, ನೋಡೇ! ತಲೆ ಎತ್ತಿ ನೋಡೇ ಒಂದು ಸಲ!"

ನೋಲಾ ತಲೆ ಎತ್ತಿದಳು, ಕೂಡಲೇ ಕೆಮ್ಮಿದಳು. ಉದ್ದನೆಯ ಕೆಮ್ಮು, ಹಿಂದಿನವಕ್ಕಿಂತ ಹಸಿಯಾದದ್ದು. ಕರ್ಚೀಫು ಬಾಯಿಂದ ತೆಗೆದು ರೂಢಿಯಂತೆ ಕೈ ಚಾಚಿದಳು.

ಎಲ್ವಿನ್ ಬಂದ. ಬರಲಿಲ್ಲ ಎನ್ನುವಂತಿಲ್ಲ, ಜೀವಮಾನದ ಗ್ರಹಣವನ್ನು ಬಿಟ್ಟು ಎದ್ದು ಬಂದ. ಕರ್ಚೀಫನ್ನು ಬಿಡಿಸಿ ಹಿಡಿದು, ಜೇಬಿನ ಟಾರ್ಚು ತೆಗೆದು ಬೆಳಕು ಬಿಟ್ಟು, ಆಚೆ ಈಚೆ ತಿರುಗಿಸಿ, ಹತ್ತಿರ ತಂದು ಚೆನ್ನಾಗಿ ನೋಡಿದ. ಬಟ್ಟೆ ಒದ್ದೆಯಾಗಿ ಹೊಳೆಯುತ್ತಿತ್ತು. ಚುಕ್ಕೆ ಇರಲಿಲ್ಲ, ಕಲೆ ಇರಲಿಲ್ಲ.

"ಏನೂ ಇಲ್ಲ ಕಣೇ, ಬರೀ ಕಫ" ಎಂದ. "ಬಿಸಿ ಚಹಾ ಕುಡಿ."

"ಏನೂ ಇಲ್ವಾ?"

"ಏನೂ ಇಲ್ಲ."

ಅವನು ವಾಪಸು ಹೋಗಿ ಕ್ಯಾಮೆರಾದ ಬಾಯಿ ಮೊದಲಿಗಿಂತ ಹೆಚ್ಚು ಹೊತ್ತು ತೆರೆದಿಟ್ಟ. ಇನ್ನೆರಡು ಸಲ ಅವಳು ಕೆಮ್ಮಿದಳು, ಎರಡು ಸಲವೂ ಅವನು ಎದ್ದು ಬಂದು, ಅದೇ ಟಾರ್ಚು ಬಿಟ್ಟು, ಅಷ್ಟೇ ಶ್ರದ್ಧೆಯಿಂದ ನೋಡಿದ. ಆಮೇಲೆ ಕೆಮ್ಮು ತಗ್ಗಿತು. ಗಂಟಲಲ್ಲಿ ಸಣ್ಣಗೆ ಗೊರಗೊರ ಸದ್ದು ಮಾತ್ರ ಕೇಳುತ್ತಿತ್ತು. ತೂಕಡಿಸುತ್ತಿದ್ದಾಳೆ, ಒಳ್ಳೆಯದೇ ಆಯಿತು ಎಂದುಕೊಂಡ. ಖಗ್ರಾಸ ನಡೆಯುವಾಗ ಕುಳಿಗಳ ಲೆಕ್ಕವಿರುವುದಿಲ್ಲ, ಹೊತ್ತು ಹೇಳುವ ಕೆಲಸವೂ ಇರುವುದಿಲ್ಲ.

ಆ ಒಂದು ಗಂಟೆ ಎಲ್ವಿನ್ ಪ್ಯಾಸ್ಕೋ ಸುಖವಾಗಿದ್ದ. ಇದನ್ನು ಹೇಳಲೇಬೇಕು. ಬಾಯಲ್ಲಿ ಸಣ್ಣಗೆ ಸಿಳ್ಳೆ ಹಾಕಿಕೊಳ್ಳುತ್ತ, ಕೈ ಉಜ್ಜಿಕೊಳ್ಳುತ್ತ, ಈ ಸಲ ಸಿಕ್ಕಿತು, ಈ ಸಲ ಸಿಕ್ಕೇಬಿಟ್ಟಿತು ಎಂದು ಒಳಗೊಳಗೇ ಕುಣಿಯುತ್ತಿದ್ದ. ತನ್ನ ಪಾಲಿಗೆ ಬಂದ ಸುಖವೆಲ್ಲ ಆ ಒಂದು ಗಂಟೆಯಲ್ಲಿ ಕೂಡಿಬಂದಿದೆ ಎನ್ನಿಸುವಷ್ಟು ಸುಖವಾಗಿದ್ದ.

ಚಂದ್ರನ ಅಂಚಿನಲ್ಲಿ ಮತ್ತೆ ಬಿಳಿ ಗೆರೆ ಮೂಡಿತು. ಮೊದಲು ಮುಳುಗಿದ ಕುಳಿಯೇ ಮೊದಲು ಏಳುತ್ತದೆ. ಎಲ್ವಿನ್ ದುರ್ಬೀನಿಗೆ ಕಣ್ಣಿಟ್ಟು ಕಾದು ಕೂಗಿದ:

"ಗ್ರಿಮಾಲ್ಡಿ!"

ರೇಡಿಯೋದ ಟಿಕ್ಕು ಬಿಟ್ಟರೆ ಉತ್ತರವಿಲ್ಲ.

"ಗ್ರಿಮಾಲ್ಡಿ ಕಣೇ! ಹೊತ್ತು ಹೇಳೇ! ಲೇ, ಮಲಗಿಬಿಟ್ಯಾ?"

ಕುರ್ಚಿಯಿಂದ ಮಾತಿನಂಥ ಏನೋ ಒಂದು ಬಂತು, ನೀರಿನೊಳಗಿಂದ ಬಂದಂತೆ. ಎಲ್ವಿನ್ ರೇಗಿಕೊಂಡೇ ಎದ್ದ. ಹತ್ತಿರ ಹೋಗಿ ಟಾರ್ಚು ಬಿಟ್ಟ. ನೋಲಾಳ ತಲೆ ಒಂದು ಕಡೆ ವಾಲಿತ್ತು, ಗಲ್ಲ ಒದ್ದೆ, ಕೋಟು ಒದ್ದೆ, ಕಂಬಳಿ ಒದ್ದೆ. ಚಹಾ ಚೆಲ್ಲಿಕೊಂಡಿದ್ದಾಳೆ ಎಂದು ಕೈಯಿಟ್ಟ. ಬೆಚ್ಚಗಿತ್ತು, ಬೆರಳಿಗೆ ಅಂಟಿತು. ಫ್ಲಾಸ್ಕಿನ ಮುಚ್ಚಳ ತೆಗೆದೇ ಇರಲಿಲ್ಲ.

ಅವನು ಜಗಲಿಗೆ ಓಡಿದ. ಗ್ರಹಣದ ಹೊತ್ತಲ್ಲಿ ಯಾರೂ ಮುಟ್ಟದ ಆ ಸ್ವಿಚ್ಚನ್ನು ಒತ್ತಿದ. ಬಿಳಿ ಬೆಳಕು ಹಿತ್ತಲಿಗೆಲ್ಲ ಬಿತ್ತು. ಮಡಿಲಿನ ಕರ್ಚೀಫುಗಳಲ್ಲಿ ಒಂದೂ ಬಿಳಿಯಾಗಿ ಉಳಿದಿರಲಿಲ್ಲ. ಅವನು ತಿರುಗಿಸಿ ತಿರುಗಿಸಿ ನೋಡಿ ಏನೂ ಇಲ್ಲ ಎಂದು ವಾಪಸು ಕೊಟ್ಟ ಆ ಮೊದಲ ಕರ್ಚೀಫು ಎಲ್ಲಕ್ಕಿಂತ ಕೆಳಗಿತ್ತು, ಅದರ ನಡುವೆ ಅಂಗೈಯಗಲದ ಕೆಂಪು ಒಣಗಿ ಗಟ್ಟಿಯಾಗಿತ್ತು.

ಕೆಂಪು ಬೆಳಕಿನಲ್ಲಿ ಕೆಂಪು ಕಾಣುವುದಿಲ್ಲ. ಅದನ್ನು ಆ ಸುತ್ತಿನ ಊರುಗಳಲ್ಲೆಲ್ಲ ಅವನಷ್ಟು ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಆದರೂ ಆ ಕೆಂಪು ಟಾರ್ಚು ಅವನ ಕೈಗೆ ಎಷ್ಟು ಒಗ್ಗಿಹೋಗಿತ್ತೆಂದರೆ, ಅದು ಟಾರ್ಚು ಎಂಬುದು ನೆನಪಿತ್ತೇ ಹೊರತು ಅದು ಕೆಂಪು ಎಂಬುದು ನೆನಪಿಗೆ ಬರಲೇ ಇಲ್ಲ. ಬೇರೆ ಯಾವ ಮನೆಯಲ್ಲಾದರೂ, ಬೇರೆ ಯಾವ ದಡ್ಡ ಗಂಡನಾದರೂ, ಒಳಗೆ ಹೋಗಿ ದೀಪದಡಿ ನೋಡುತ್ತಿದ್ದ.

ಕೂಗು ಕೇಳಿ ರೆಕ್ಸ್ ಬೇಲಿ ಹಾರಿ ಬಂದ. ಇಬ್ಬರೂ ಅವಳನ್ನು ಎತ್ತಿ ಕಾರಿನಲ್ಲಿ ಮಲಗಿಸಿದರು. ಎತ್ತುವಾಗ ಎಲ್ವಿನ್‌ನ ಕಾಲು ತಗುಲಿ ಮುಕ್ಕಾಲಿ ಉರುಳಿಬಿತ್ತು. ಅವನು ಅದರ ಕಡೆ ನೋಡಲಿಲ್ಲ.

ಆಸ್ಪತ್ರೆ ದೂರವಿರಲಿಲ್ಲ. ಡಾಕ್ಟರ್ ಫರೂಜಿಯಾ ಊಟದಿಂದ ಎದ್ದು ಬಂದಿದ್ದರು. ಇಂಜೆಕ್ಷನ್ನು, ಪ್ಲಾಸ್ಮಾ, ಮೂಗಿಗೆ ಆಕ್ಸಿಜನ್ನು, ಅಡಿಲೇಡಿಗೆ ಸಾಗಿಸಲು ವಿಮಾನಕ್ಕೆ ಫೋನು, ಎಲ್ಲ ಒಟ್ಟಿಗೇ ನಡೆಯಿತು. ನಡುವೆ ಡಾಕ್ಟರು ತಲೆ ಎತ್ತಿ ಕೇಳಿದರು.

"ಯಾವಾಗ ಶುರುವಾಯ್ತು ಇದು?"

ಎಲ್ವಿನ್ ಬಾಯಿ ತೆರೆದ. ಕೋಪರ್ನಿಕಸ್ ಮುಳುಗಿದ್ದು ಗೊತ್ತಿತ್ತು, ಟೈಕೋ ಮುಳುಗಿದ್ದು ಗೊತ್ತಿತ್ತು. ಇದು ಗೊತ್ತಿರಲಿಲ್ಲ.

"ಎಲ್ವಿನ್, ಸುಮಾರಾಗಿ ಹೇಳಿದ್ರೂ ಸಾಕು. ಅಡಿಲೇಡಿನವರಿಗೆ ಹೇಳ್ಬೇಕು."

"ಏಳು ಹತ್ತೊಂಬತ್ತು" ಎಂದಿತು ಮಂಚದ ಮೇಲಿನ ದನಿ.

ಎಲ್ಲರೂ ತಿರುಗಿದರು. ನೋಲಾ ಕಣ್ಣು ಮುಚ್ಚಿಕೊಂಡೇ ಇದ್ದಳು. ಹೊತ್ತು ಹೇಳುವಾಗ ಅವಳ ದನಿ ಯಾವಾಗಲೂ ಹಾಗೇ ಇರುತ್ತಿತ್ತು, ಚಪ್ಪಟೆಯಾಗಿ, ಅಂಗಡಿಯಲ್ಲಿ ಬೆಲೆ ಹೇಳಿದ ಹಾಗೆ.

ಡಾಕ್ಟರು ಗೋಡೆಯ ಗಡಿಯಾರ ನೋಡಿದರು. ಅವರ ಮುಖ ಇಳಿಯಿತು. ಫೋನಿನ ಕಡೆ ಹೋದರು.

ಎಲ್ವಿನ್ ಮಂಚದ ಪಕ್ಕ ಮೊಣಕಾಲೂರಿದ. "ನಿಂಗೆ ಗೊತ್ತಿತ್ತಾ?"

"ಬಾಯಿಗೆ ಉಪ್ಪುಪ್ಪಾಗಿ ಬಂತು. ರಕ್ತ ಅನ್ನಿಸ್ತು. ರೂಢಿ ನೋಡು, ಹೊತ್ತು ನೋಡ್ಕೊಂಡೆ."

"ಮತ್ತೆ ಯಾಕೆ ಹೇಳ್ಲಿಲ್ಲ? ಯಾಕೇ ನೋಲಾ, ಯಾಕೆ ಬಾಯಿ ಬಿಡ್ಲಿಲ್ಲ?"

ನೋಲಾ ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡಳು. "ನೀನು ನೋಡಿದ್ಯಲ್ಲ. ಏನೂ ಇಲ್ಲ ಅಂದೆ. ನಾನೇ ಏನೋ ಅಂದ್ಕೊಂಡೆ ಅನ್ಕೊಂಡು ಸುಮ್ನಾದೆ. ಆಮೇಲೆ ಮಾತಾಡೋಕೆ ತ್ರಾಣ ಇರ್ಲಿಲ್ಲ ಕಣೋ." ಕಣ್ಣು ತೆರೆದು, "ನೀನು ನೋಡಿದ್ದು ಒಂದು ದಿನ ಆದ್ರೂ ತಪ್ಪಾಗಿದೆಯಾ?" ಎಂದಳು.

ಅದರಲ್ಲಿ ಆಕ್ಷೇಪಣೆಯ ಎಳೆಯೂ ಇರಲಿಲ್ಲ. ಇದ್ದಿದ್ದರೆ ಎಲ್ವಿನ್ ಅದನ್ನು ಹಿಡಿದುಕೊಂಡಾದರೂ ಬದುಕುತ್ತಿದ್ದನೇನೋ. ಅವಳು ಗಂಡನನ್ನು ಬೈಯುತ್ತಿರಲಿಲ್ಲ, ಸಮಾಧಾನ ಮಾಡುತ್ತಿದ್ದಳು.

ವಿಮಾನದಲ್ಲಿ ಜೊತೆಗೆ ಹೋಗಲು ಜಾಗವಿರಲಿಲ್ಲ. ರೆಕ್ಸ್ ಅವನನ್ನು ಕಾರಿನಲ್ಲಿ ಅಡಿಲೇಡಿಗೆ ಕರೆದುಕೊಂಡು ಹೊರಟ. ಅವರು ಅಲ್ಲಿಗೆ ಮುಟ್ಟುವಷ್ಟರಲ್ಲಿ ಮುಗಿದಿತ್ತು.

ಅಂತ್ಯಕ್ರಿಯೆಗೆ ಊರಿಗೆ ಊರೇ ಬಂತು. ಚರ್ಚಿನ ಹೆಂಗಸರು ಸ್ಯಾಂಡ್‌ವಿಚ್ಚು, ಕೇಕು ಮಾಡಿ ತಂದರು, ಚಹಾ ಬಗ್ಗಿಸಿದರು, ಎಲ್ವಿನ್‌ನ ತೋಳು ಸವರಿದರು. ಎಲ್ಲರ ಬಾಯಲ್ಲೂ ಒಂದೇ ಮಾತು: ಕತ್ತಲಲ್ಲಿ ಯಾರಿಗೆ ತಾನೇ ಕಾಣುತ್ತದೆ, ಪಾಪ. ಅವನು ತಲೆ ಅಲ್ಲಾಡಿಸುತ್ತ ಕೇಳಿಸಿಕೊಂಡ. ಸಿಡ್ನಿಯ ಸಂಘಕ್ಕೆ ಆ ಸಲ ಲೆಕ್ಕ ಹೋಗಲಿಲ್ಲ. ಉರುಳಿಬಿದ್ದ ಕ್ಯಾಮೆರಾವನ್ನು ರೆಕ್ಸ್ ಎತ್ತಿ ತಂದು ಅಡುಗೆಮನೆಯ ಮೇಜಿನ ಮೇಲಿಟ್ಟಿದ್ದ; ಫಿಲ್ಮು ಅದರೊಳಗೇ ಉಳಿಯಿತು. ಎಲ್ವಿನ್ ಅದನ್ನು ತೊಳೆಸಲೂ ಇಲ್ಲ, ಬಿಸಾಕಲೂ ಇಲ್ಲ. ಊಟಕ್ಕೆ ಕೂತಾಗ ತಟ್ಟೆಯಿಡಲು ಅದನ್ನು ಈಚೆ ಸರಿಸುತ್ತಿದ್ದ, ಊಟವಾದ ಮೇಲೆ ಆಚೆ ಸರಿಸುತ್ತಿದ್ದ.

ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ರೆಕ್ಸ್ ಬೇಯಿಸಿದ ಏಡಿಗಳನ್ನು ಕಾಗದದಲ್ಲಿ ಸುತ್ತಿ ತಂದ. ಎಲ್ವಿನ್ ಕ್ಯಾಮೆರಾ ಸರಿಸಿ ಜಾಗ ಮಾಡಿದ. ಇಬ್ಬರೂ ಏಡಿ ಒಡೆದು ತಿಂದರು. ಕೊನೆಗೆ ರೆಕ್ಸ್ ಕೈ ಒರೆಸಿಕೊಳ್ಳುತ್ತ, ಎಷ್ಟು ದಿನದಿಂದ ಹೇಳಬೇಕೆಂದಿದ್ದನೋ, ತನಗೆ ಬಂದಷ್ಟು ಮೆತ್ತಗೆ ಹೇಳಿದ.

"ನೀನು ಹಿಂಗೆ ಕೊರಗಬೇಡ ಮಾರಾಯ. ಅಂಥ ಕತ್ತಲಲ್ಲಿ ಯಾವನಿಗೂ ಕಾಣ್ತಿರಲಿಲ್ಲ."

ಎಲ್ವಿನ್ ತಲೆ ಎತ್ತಿದ. "ಕತ್ತಲಿರಲಿಲ್ಲ ರೆಕ್ಸ್. ನನ್ನ ಕೈಲಿ ಟಾರ್ಚಿತ್ತು. ಮೂರು ಸಲ ನೋಡ್ದೆ."

ರೆಕ್ಸ್ ಒರೆಸುವುದನ್ನು ನಿಲ್ಲಿಸಿದ. ಟಾರ್ಚಿದ್ದ ಮೇಲೆ ಕಾಣಬೇಕಿತ್ತಲ್ಲ ಎಂದು ಅವನು ಕೇಳಲಿಲ್ಲ, ಒಳ್ಳೆಯ ಮನುಷ್ಯ. ಆದರೆ ಅದು ಅವನ ಮುಖದ ಮೇಲೆ ಬಂತು. ಎಲ್ವಿನ್ ಅದನ್ನು ನೋಡಿದ. ಅದು ಕೆಂಪು ಟಾರ್ಚು ಎಂದು ವಿವರಿಸಲು ಹೋಗಲಿಲ್ಲ. ರೆಕ್ಸ್ ಏಡಿಯ ಚಿಪ್ಪುಗಳನ್ನು ಕಾಗದದಲ್ಲಿ ಮಡಚಿಕೊಂಡು, ನಾಳೆ ಬರುತ್ತೇನೆ ಎಂದು ಎದ್ದು ಹೋದ.